ಮಧ್ಯಾಹ್ನದ ಬಿಡುವು

ಬುಗೋಬೆ ದ್ವೀಪ
ಗುರುವಾರ, ಜುಲೈ 11

ಮಸಾತು,

ನಿನ್ನ ಹಾಳು ಹೊಟ್ಟೆನೋವು ವಾಸಿಯಾಯಿತೇ? ಮ್ವಾಂಜಾ ಪೇಟೆಯ ಕರಿದ ತಿಂಡಿ ಬಿಟ್ಟೆ ಎಂದಿದ್ದೆಯಲ್ಲ, ಅದೂ ಸುಳ್ಳೇ ಇರಬೇಕು. ಕೈ ಹೇಗಿದೆ? ಕಂಪನಿಯ ಫಾರಂ ತುಂಬಿತಲ್ಲ, ಆ ಕೈಯನ್ನೇ ಕೇಳುತ್ತಿರುವುದು. ಒಂಬತ್ತು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದವನ್ನು ಸರಕಿನ ದೋಣಿಯ ಬ್ವಿರೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೆ ಆಫೀಸಿನ ಬಾಗಿಲಲ್ಲೇ ನಿಂತಿರು ಎಂದು ಅವನಿಗೆ ಹೇಳಿದ್ದೇನೆ. ನಿನ್ನ ತಂಗಿ ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ.

ಸೋಮವಾರದ ದೋಣಿಯಲ್ಲಿ ನಿಮ್ಮ ಸೋಲಾರು ಕಂಪನಿಯವರು ನನ್ನ ಹಿಟ್ಟಿನ ಗಿರಣಿಯ ಮೋಟಾರು ಬಿಚ್ಚಿಕೊಂಡು ಹೋಗುತ್ತಾರಂತೆ. ನಿನ್ನ ಸಾಹೇಬ ಶಿರಿಮಾ ಮೊನ್ನೆ ಬಂದು ಅಂಗಳದಲ್ಲಿ ನಿಂತು, "ಏನಮ್ಮಾ, ನಿಮ್ಮ ಗಿರಣಿ ದಿನಾ ಮಧ್ಯಾಹ್ನ ಗೊರಕೆ ಹೊಡೀತಾ ಇರುತ್ತಲ್ಲ! ಬಿಸಿಲಲ್ಲಿ ಹುಟ್ಟೋ ಕರೆಂಟನ್ನ ನಾನು ಯಾರ ತಲೆ ಮೇಲೆ ಸುರೀಲಿ?" ಎಂದ. ಅವನ ಕಷ್ಟ ನನಗೂ ಅರ್ಥವಾಗುತ್ತದೆ, ನಾನೇನು ದಡ್ಡಿಯಲ್ಲ. ಸೋಲಾರು ಕೊಡುವ ಕರೆಂಟನ್ನು ಹತ್ತರಿಂದ ಮೂರರೊಳಗೆ ಗಿರಣಿ ಬಳಸಿ ಮುಗಿಸಬೇಕು. ನಾಲ್ಕರ ಮೇಲೆ ಬ್ಯಾಟರಿಯಲ್ಲಿರುವುದು ಫೋನಿನ ಟವರಿಗೆ, ಮನೆಗಳ ದೀಪಕ್ಕೆ. ಹಗಲಿನ ಗಿರಾಕಿ ಇಲ್ಲದಿದ್ದರೆ ಅವನ ವ್ಯಾಪಾರ ಮುಳುಗುತ್ತದೆ. ಸರಿ, ಒಪ್ಪಿದೆ. ಆದರೆ ನಮ್ಮೂರಲ್ಲಿ ನಡುಹಗಲಿಗೆ ಹಿಟ್ಟು ಬೀಸಿಸುವವರಿದ್ದಾರೆ ಎಂದು ಅವನಿಗೆ ಹೇಳಿದವರು ಯಾರು?

ನೀನು. ಅವನೇ ಫಾರಂ ತೆಗೆದು ತೋರಿಸಿದ. "ಮಧ್ಯಾಹ್ನ ಹೆಂಗಸರು ಬಿಡುವಾಗಿರುತ್ತಾರೆ" ಎಂದು ನಿನ್ನ ದುಂಡು ಅಕ್ಷರ. ಬಿಡುವಂತೆ ಬಿಡುವು! ಥೂ ನಿನ್ನ! ಬೆಳಗಿನ ದೋಣಿಗಳು ತಂದ ಸಣ್ಣ ಮೀನನ್ನು ಮರಳ ಮೇಲೆ ಹರಡಿ, ಸೂರ್ಯ ನೆತ್ತಿಗೇರಿದಾಗ ಮತ್ತೆ ಮತ್ತೆ ಮಗುಚದಿದ್ದರೆ ಅದು ಕೋಳಿಗೆ ಹಾಕುವುದಕ್ಕೂ ಆಗುವುದಿಲ್ಲ ಎಂದು ನಿನಗೆ ಗೊತ್ತಿರಲಿಲ್ಲವೇ? ಹನ್ನೆರಡು ವರ್ಷ ತುಂಬುವವರೆಗೆ ನನ್ನ ಪಕ್ಕದಲ್ಲಿ ಕೂತು ಕೊಕ್ಕರೆ ಓಡಿಸಿದವನು ನೀನೇ ತಾನೇ? ಬಿಸಿಲಿರುವಷ್ಟು ಹೊತ್ತು ಇಲ್ಲಿ ಯಾವ ಹೆಂಗಸೂ ದಡ ಬಿಟ್ಟು ಕದಲುವುದಿಲ್ಲ. ಮೀನು ಬಾಚಿ ಚೀಲಕ್ಕೆ ತುಂಬಿ, ನಾಲ್ಕೂವರೆಗೆ, ಅವತ್ತಿನ ಉಗಾಲಿ ಮುದ್ದೆಗೆ ಆಗುವಷ್ಟು ಒಣಗಿದ ಮರಗೆಣಸನ್ನು ತಲೆಯ ಮೇಲಿಟ್ಟುಕೊಂಡು ಬರುತ್ತಾರೆ. ಅಷ್ಟು ಹೊತ್ತಿಗೆ ನಿಮ್ಮವರು ಗಿರಣಿಯ ಕರೆಂಟು ತೆಗೆದಿರುತ್ತಾರೆ. ನಿನ್ನೆ ಪಕ್ಕದ ಮನೆಯ ನ್ಯಾಕ್ವೇಸಿ ಬುಟ್ಟಿ ಕುಕ್ಕಿ, "ನಿನ್ನ ಮಗ ಪ್ಯಾಂಟು ಹಾಕ್ಕೊಂಡ್ಮೇಲೆ ನಮ್ ಹೊಟ್ಟೆಗೂ ಆಫೀಸ್ ಟೈಮು ಬಂತೇನೇ?" ಎಂದಳು. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ಒಳಗೆ ಹೋದೆ.

ನಿನ್ನಪ್ಪ ಬಿಟ್ಟುಹೋದ ಡೀಸೆಲ್ ಎಂಜಿನ್ನು ಹೊಗೆ ಉಗುಳುತ್ತಿತ್ತು, ಕಿವಿ ಕಿತ್ತುಹೋಗುವಂತೆ ಅರಚುತ್ತಿತ್ತು, ನಿಜ. ಆದರೆ ಕರೆದ ಹೊತ್ತಿಗೆ ಓಡುತ್ತಿತ್ತು. ಅದು ಮನೆಯಲ್ಲಿದ್ದರೆ ನಾನು ಕರೆಂಟು ಕೊಳ್ಳುವುದಿಲ್ಲ ಎಂದು ಹಟ ಹಿಡಿದು ಮಾರಿಸಿದವನೂ ನೀನೇ. "ಅಮ್ಮಾ, ನೀನೇ ನಮ್ ದೊಡ್ ಗಿರಾಕಿ, ನಿನ್ನ ನಂಬ್ಕೊಂಡೇ ಊರಿಗೆ ಕಂಬ ಬರೋದು" ಎಂದು ಗಲ್ಲ ಹಿಡಿದೆ. ನಾನೂ ಉಬ್ಬಿಹೋದೆ, ಬುದ್ಧಿಗೇಡಿ. ಈಗ ಕಂಪನಿ ಕೊಟ್ಟ ಮೋಟಾರೂ ಹೋದರೆ ಊರ ಹೆಂಗಸರು ಒನಕೆ ಹಿಡಿಯಬೇಕು, ಇಲ್ಲವೇ ಹುಟ್ಟು ಹಾಕಿಕೊಂಡು ಪಕ್ಕದ ದ್ವೀಪಕ್ಕೆ ಹೋಗಬೇಕು. ನಾನು ಬಾಗಿಲು ಮುಚ್ಚಿ ಕೂರಬೇಕು. ಇಪ್ಪತ್ತಾರು ವರ್ಷ ಯಾರ ಮುಂದೂ ಕೈಚಾಚದೆ ಬದುಕಿದ್ದು ಆ ಗಿರಣಿಯಿಂದ. ನೀನು ಓದಿದ್ದೂ ಅದರಿಂದಲೇ.

ಮೊನ್ನೆ ಶಿರಿಮಾನ ಎದುರು ನಾನು ಬಾಯಿ ಬಿಡಲಿಲ್ಲ. ಬರೆದವನೇ ಹೇಳಲಿ ಎಂದು ಸುಮ್ಮನಾದೆ. ತಪ್ಪು ಕಂಪನಿಯ ಮನುಷ್ಯನದ್ದಾದರೆ ಮೋಟಾರು ಇಲ್ಲೇ ಬಿಟ್ಟು, ನಾಲ್ಕರಿಂದ ಆರರವರೆಗೆ ಬ್ಯಾಟರಿಯ ಕರೆಂಟು ಕೊಡಿಸುತ್ತಾನಂತೆ. ತಪ್ಪು ಮಾಹಿತಿ ಕೊಟ್ಟವರು ಗಿರಾಕಿಯೇ ಆದರೆ ಮೋಟಾರು ಕಂಪನಿಗೆ ವಾಪಸ್ಸು. ಆದ್ದರಿಂದ ಈ ಕಾಗದ ಮಡಚಿಟ್ಟು ನೇರ ಅವನ ಕೋಣೆಗೆ ಹೋಗು. ಈ ಊರಿಗೆ ಕಂಬ ಮಂಜೂರಾದರೆ ನನ್ನ ಕೆಲಸ ಕಾಯಂ ಆಗುತ್ತದೆ ಎಂದು ಸುಳ್ಳು ಬರೆದೆ ಅಂತ ಹೇಳು. ಕೆಲಸ ಹೋಗುತ್ತದೆ. ಹೋಗಲಿ, ಮೀನು ಮಗುಚುವುದಕ್ಕೆ ಇಲ್ಲಿ ಕೈ ಬೇಕಾಗಿದೆ.

ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಒಂದಿಷ್ಟು ನಾಚಿಕೆಯನ್ನೂ ಕೊಡಲಿ.

ಊರವರು ಮಸಾತುವಿನವ್ವ ಎಂದೇ ಕರೆಯುವ,
ನ್ಯಾಂಗೆತಾ

ಶನಿವಾರ: ಬ್ವಿರೆಯ ದೋಣಿ ಹೊರಡುವ ಮೊದಲೇ ಶಿರಿಮಾ ಬಂದುಬಿಟ್ಟ. ಸೋಮವಾರದವರೆಗೂ ಕಾಯಲಿಲ್ಲ. ಹೆಂಗಸರು ಮೀನು ಬಿಟ್ಟು ಓಡಿಬಂದರು. ಎಲ್ಲರೆದುರು, "ಮಧ್ಯಾಹ್ನ ಬಿಡುವು ಅಂತ ನಿಮ್ಮ ಮಗ ತಾನಾಗೇ ಬರೆದ್ನಾ, ನೀವು ಹೇಳಿದ್ರಾ? ಅವನೇ ಬರೆದಿದ್ರೆ ಹೇಳ್ಬಿಡಿ, ಇವತ್ತೇ ಅವನನ್ನ ಮನೆಗೆ ಕಳಿಸ್ತೀನಿ" ಎಂದು ಕೇಳಿದ. ನಾನು, "ನಾನೇ ಹೇಳಿದ್ದು, ಸಾಹೇಬ್ರೇ" ಅಂದುಬಿಟ್ಟೆ. ನನ್ನ ನಾಲಿಗೆ ಸೀದುಹೋಗಲಿ. ನ್ಯಾಕ್ವೇಸಿ ನನ್ನ ಮುಖಕ್ಕೆ ಉಗಿಯದೆ ಹೋದದ್ದೇ ಹೆಚ್ಚು. ಮೋಟಾರನ್ನು ದೋಣಿಗೆ ಏರಿಸುತ್ತಿದ್ದಾರೆ, ಕಾಗದವೂ ಅದೇ ದೋಣಿಯಲ್ಲಿ ಬರುತ್ತಿದೆ. ನಾನು ನಿನ್ನ ಕೆಲಸ ಉಳಿಸಿದೆ ಎಂದು ಹಿಗ್ಗಬೇಡ. ಆ ಮೋಟಾರನ್ನು ನೀನೇ ವಾಪಸ್ಸು ತರಬೇಕು. ಅದಿಲ್ಲದೆ ಈ ದಡಕ್ಕೆ ಕಾಲಿಡಬೇಡ.