ನಿಮ್ಮಮ್ಮ ಕೂರ್ತಿಲ್ಲ

ಕಾಗದನಗರ, ಭದ್ರಾವತಿ
18-2-1998

ನಮ್ಮ ಮನೆತನದ ಮಹಾ ಹಠಮಾರಿ ಮಲ್ಲೇಶನಿಗೆ ಸೋದರಮಾವನ ಆಶೀರ್ವಾದಗಳು.

ಹೇಗಿದ್ದೀಯ ಮಾರಾಯ? ನಿನ್ನ ಹೆಂಡತಿ ಯಶೋಧರಾ ಆರೋಗ್ಯವೇ? ಶಿವಮೊಗ್ಗದ ರವೀಂದ್ರನಗರದ ಮನೆಗೆ ನಲ್ಲಿ ನೀರು ಸರಿಯಾಗಿ ಬರ್ತದಾ? ನಾನಂತೂ ಕಲ್ಲುಗುಂಡಿನ ಹಾಗಿದ್ದೀನಿ. ಮೊನ್ನೆ ಕ್ವಾರ್ಟರ್ಸ್ ಹುಡುಗರನ್ನ ವಾಲಿಬಾಲಲ್ಲಿ ಸೋಲಿಸಿದೆ. ಅವರು ಬೇಕಂತಲೇ ಸೋತರು ಅಂತ ನಿಮ್ಮಮ್ಮ ಹೇಳ್ತಾಳೆ, ನಂಬಬೇಡ.

ನಿಮ್ಮಮ್ಮನ ವಿಷಯಕ್ಕೇ ಬರ್ತೀನಿ. ನೀನು ರಿಜಿಸ್ಟರ್ ಮದುವೆಯಾಗಿ ಬಂದ ದಿನ "ನನ್ನ ಹೊಸಿಲು ತುಳೀಬೇಡ" ಅಂದಳಲ್ಲ, ಆಮೇಲೆ ಬೆಟ್ಟದ ಮೇಲಿನ ನಮ್ಮೂರಲ್ಲಿ ಒಬ್ಬಳೇ ಇರೋದು ಬೇಡ ಅಂತ ದೀಪಾವಳಿಗೆ ನಾನೇ ಇಲ್ಲಿಗೆ ಕರ್ಕೊಂಡು ಬಂದೆ. ಬಂದ ದಿನವೇ ಮಿಲ್ಲಿನ ಪಾಳಿ ಸೈರನ್ ಕೂಗಿತು. ಅಕ್ಕ ಸೌಟು ಹಿಡಿದೇ ಹೊರಗೆ ಓಡಿದಳು. "ಯಾರೋ ದಾರಿ ತಪ್ಪಿದ್ದಾರೆ ಕಣೋ ಷಣ್ಮುಖ, ಏಳೋ!" ಪಕ್ಕದ ಮನೆ ಹೆಂಗಸರು ನಕ್ಕರು. ನಾನೂ ನಕ್ಕೆ.

ನಮ್ಮೂರಿನ ಕೊಂಬು ನಿನಗೆ ಗೊತ್ತಿಲ್ಲ, ನೀನು ಹುಟ್ಟೋ ಹೊತ್ತಿಗೆ ಅದು ಸೀಳಿ ಹೋಗಿತ್ತು. ಕತ್ತಲಾದರೂ ಯಾರಾದರೂ ಮನೆ ಸೇರಲಿಲ್ಲ ಅಂದರೆ ಒಬ್ಬರು ಬಂಡೆ ಹತ್ತಿ ಊದೋದು, ದಾರಿ ತಪ್ಪಿದವರು ಆ ಸದ್ದು ಹಿಡಿದು ಬರೋದು. ಅವರು ಬರೋ ತನಕ ಬೆಟ್ಟದ ಯಾವ ಮನೆಯಲ್ಲೂ ಯಾರೂ ಕೂರೋ ಹಾಗಿಲ್ಲ. ಬಂದವರನ್ನ ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ ಅಂತ ಕೇಳೋ ಹಾಗೂ ಇಲ್ಲ. ಕಾಲಿಗೆ ನೀರು ಕೊಡಬೇಕು, ಅಷ್ಟೇ. ಚಿಕ್ಕವನಿದ್ದಾಗ ಕರು ಹುಡುಕಿಕೊಂಡು ಹೋಗಿ ನಾನೂ ಮಂಜಲ್ಲಿ ಸಿಕ್ಕಿಕೊಂಡಿದ್ದೆ. ಹೆದರಿರಲಿಲ್ಲ, ಹುಲಿ ಬಂದರೆ ಕಿವಿ ಹಿಂಡೋಣ ಅಂತ ಕಾಯ್ತಿದ್ದೆ. ಅಕ್ಕ ತುಟಿ ಒಡೆದು ರಕ್ತ ಬರೋ ತನಕ ಊದಿದ್ದಳು. ನಾನು ಬಂದಾಗ ಒಂದು ಮಾತೂ ಕೇಳದೆ ಚೊಂಬು ಮುಂದಿಟ್ಟಳು. ಕರು ನನಗಿಂತ ಮೊದಲೇ ಕೊಟ್ಟಿಗೆ ಸೇರಿತ್ತು, ಅದು ಬೇರೆ ವಿಷಯ.

ಸೈರನ್ ಅಂದರೆ ಪಾಳಿ ಬದಲಾವಣೆ ಅಂತ ಈಗ ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಕೂಗಿದ ಕೂಡಲೇ ಹೊರಗೆ ಬಂದು ಶಿವಮೊಗ್ಗ ರಸ್ತೆ ಕಡೆ ಮುಖ ಮಾಡಿ ನಿಲ್ತಾಳೆ. "ಕೂತ್ಕೊಳ್ಳೇ ಅಕ್ಕ" ಅಂದರೆ "ಸೊಂಟ ಹಿಡ್ಕೊಂಡಿದೆ" ಅಂತಾಳೆ. ನಿನ್ನ ಹೆಸರು ಮಾತ್ರ ಎತ್ತೋದಿಲ್ಲ, ನಾನೆತ್ತಿದರೆ ಒಳಗೆ ಹೋಗ್ತಾಳೆ. ಕಳೆದ ಸೋಮವಾರ ನನಗೆ ಹೇಳದೆ ಶಿವಮೊಗ್ಗ ಬಸ್ಸು ಹತ್ತಿದಳು. ನಿಮ್ಮ ಮನೆ ಹತ್ತಿರವಾಗ್ತಿದ್ದ ಹಾಗೆ ಮಲವಗೊಪ್ಪದಲ್ಲೇ ಇಳಿದುಬಿಟ್ಟಿದ್ದಾಳೆ! ಪಕ್ಕದ ಮನೆ ಲಕ್ಷ್ಮೀಕಾಂತ ಅಲ್ಲಿ ಕಂಡು ವಾಪಸ್ ಕರ್ಕೊಂಡು ಬಂದ. "ತಲೆ ಸುತ್ತಿತು" ಅಂದಳು. ಅವತ್ತಿನಿಂದ ನನಗೂ ಕೂರಕ್ಕಾಗ್ತಿಲ್ಲ. ಈ ಕಾಗದದ ಮಧ್ಯೆ ಎಷ್ಟು ಸಲ ಎದ್ದು ಬಾಗಿಲು ನೋಡಿ ಬಂದೆನೋ. ನಾನೇ ನಿಮ್ಮಲ್ಲಿಗೆ ಬರ್ತಿದ್ದೆ, ಅವಳನ್ನ ಒಬ್ಬಳೇ ಬಿಡಕ್ಕೆ ಧೈರ್ಯವಿಲ್ಲ. ಹೌದು ಕಣೋ, ನಿನ್ನ ಮಾವನಿಗೇ ಧೈರ್ಯವಿಲ್ಲ.

ಯಶೋಧರಾಗೆ ನನ್ನ ಆಶೀರ್ವಾದ ಹೇಳು. ಮಾವ ನೋಡಕ್ಕೂ ಚೆನ್ನಾಗಿದ್ದಾನೆ ಅಂತ ಸೇರಿಸು.

ಇಂತಿ ನಿನ್ನ ಮಾವ,
ಷಣ್ಮುಖಪ್ಪ

ವಿ.ಸೂ.: ಲಕೋಟೆ ಅಂಟಿಸೋದರಲ್ಲಿದ್ದೆ. ಅಕ್ಕ ಒಣಮೆಣಸಿನಕಾಯಿ ತೊಟ್ಟು ಮುರೀತಾ, ನನ್ನ ಮುಖ ನೋಡದೆ, "ಆ ಹುಡುಗಿ ಖಾರ ಎಷ್ಟು ತಿಂತಾಳಂತೆ?" ಅಂದಳು. ಯಾವ ಹುಡುಗಿ ಅಂತ ನಾನು ಕೇಳಲಿಲ್ಲ, ಅಷ್ಟು ಬುದ್ಧಿ ನನಗಿದೆ. ಗೊತ್ತಿಲ್ಲ ಅಂದೆ. "ಗೊತ್ತಿಲ್ಲದಿದ್ರೆ ಕೇಳು" ಅಂತ ಗದರಿಸಿದಳು. ಮೆಣಸಿನಕಾಯಿ ಇನ್ನೂ ಗಿರಣಿಗೆ ಕೊಟ್ಟಿಲ್ಲ. ಉತ್ತರ ಬರೀಬೇಡ ಮಾರಾಯ, ನಿನ್ನ ಹೆಂಡತೀನೇ ಕರ್ಕೊಂಡು ಬಾ.