ಹೋದ ವರ್ಷದ ರಿಪೋರ್ಟ್

ಅಣ್ಣಾ,

ನೀನು ಮಲಗಿದ್ದಾಗ ಸದ್ದಿಲ್ಲದೆ ನಿನ್ನ ಬಟ್ಟೆ ಒಗೆಯಲು ತೆಗೆದೆ. ಮೂತ್ರಪರೀಕ್ಷೆಗೆ ಕೊಟ್ಟಿದ್ದ ಬಾಟಲಿ ಪ್ಯಾಂಟಿನ ಜೇಬಿನಲ್ಲೇ ಇತ್ತು, ಸೀಲ್ ಕೂಡ ಒಡೆದಿಲ್ಲ. ನಿನ್ನೆ ರಕ್ತ ಕೊಟ್ಟು ಬಂದೆ ಅಂದೆಯಲ್ಲ, ಎರಡು ತೋಳಲ್ಲೂ ಸೂಜಿಯ ಗುರುತೇ ಇಲ್ಲ. ಹಾಗಾದರೆ "ಎಲ್ಲಾ ನಾರ್ಮಲ್, ನೋಡಮ್ಮಾ" ಅಂತ ಅಮ್ಮನಿಗೆ ತೋರಿಸಿದ್ದು ಯಾವ ರಿಪೋರ್ಟು? ಮಡಚಿದ್ದನ್ನು ಬಿಡಿಸಿ ನೋಡಿದೆ, ಹೋದ ವರ್ಷದ್ದು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿರಬಹುದು, ತಾರೀಖು ಓದಲು ಬರುತ್ತದೆ.

ಪರೀಕ್ಷೆಯಲ್ಲಿ ಏನಾದರೂ ಕಂಡರೆ ಆಪರೇಷನ್ ಮಾಡಿಸಬೇಕಾಗುತ್ತದೆ, ಆಪರೇಷನ್ ಅಂದರೆ ನಿನಗೆ ಜೀವ ಬಾಯಿಗೆ ಬರುತ್ತದೆ, ಗೊತ್ತು. ಅಪೆಂಡಿಕ್ಸ್ ಒಡೆದರೆ ಜೀವಕ್ಕೇ ಅಪಾಯ ಅಂತ ಡಾಕ್ಟರು ಹೇಳಿದಾಗ ನಾನೂ ಅಲ್ಲೇ ಇದ್ದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ರಕ್ತ ಕೊಡುವವರೆಗೆ ಏನೂ ತಿನ್ನಬೇಡ. ಹತ್ತಕ್ಕೆ ಹೊಲಿಗೆ ಅಂಗಡಿಯಿಂದ ಬಂದು ನಾನೇ ಲ್ಯಾಬಿಗೆ ಕರೆದುಕೊಂಡು ಹೋಗುತ್ತೇನೆ. ಬಾಗಿಲು ತಟ್ಟಿದಾಗ ತೆಗಿ, ಅಣ್ಣಾ.