ನಾನು ನೋಡದ ನಿನ್ನ ಸಿನಿಮಾ

ಶುಕ್ರವಾರ, ಬೆಳಿಗ್ಗೆ

ಮುದ್ದಿನ ಪುಟ್ಟಿಗೆ,

ನೀನು ಮುನಿಸಿಕೊಂಡಿದ್ದರೂ ಅಮ್ಮನ ಆಶೀರ್ವಾದ ನಿನಗೆ ಇದ್ದೇ ಇದೆ. ಮೊದಲು ಅದನ್ನು ತೆಗೆದುಕೊಂಡು ಆಮೇಲೆ ಸುದ್ದಿ ಓದು. ಚಲನಚಿತ್ರ ವಿಮರ್ಶಕರ ಸಂಘದವರು ನಿನ್ನ ಸಿನಿಮಾವನ್ನು ವರ್ಷದ ಅತ್ಯುತ್ತಮ ಚಿತ್ರವೆಂದು ಆರಿಸಿದರಲ್ಲ, ಆ ಪ್ರಶಸ್ತಿಯನ್ನು ನಿನ್ನೆ ಸಂಜೆ ತೆಗೆದುಕೊಂಡವಳು ನಾನು.

ನೀನು ಹೊಸ ಚಿತ್ರೀಕರಣಕ್ಕೆಂದು ದ್ವೀಪದಲ್ಲಿದ್ದೀಯ, ಫೋನಿಗೆ ಸಿಗುತ್ತಿಲ್ಲ ಎಂದು ಸಂಘದ ಕಾರ್ಯದರ್ಶಿ ಮನೆಗೆ ಫೋನ್ ಮಾಡಿದ್ದರು. "ನೀವೇ ಬಂದು ತಗೊಂಡ್ರೆ ನಮಗೆಲ್ಲ ಖುಷಿ ಅಮ್ಮಾ" ಅಂದರು. ಆಗುವುದಿಲ್ಲ ಎನ್ನಲು ಬಾಯಿ ತೆರೆದವಳು ಆಗಲಿ ಎಂದುಬಿಟ್ಟೆ. ಸಿನಿಮಾ ನೋಡಿಲ್ಲ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ಮೊದಲ ದಿನದ ಟಿಕೆಟ್ಟನ್ನು ನೀನು ಊಟದ ಮೇಜಿನ ಮೇಲೆ ಇಟ್ಟು ಹೋಗಿದ್ದೆ. ನಾನು ಕೈಯಲ್ಲೂ ಮುಟ್ಟಲಿಲ್ಲ. ನಿನ್ನ ಅಕ್ಕ ಮನೆ ಬಿಟ್ಟುಹೋದ ಕಥೆ ಎಂದು ಗೊತ್ತಾಗಿದ್ದೇ ತಡ, ಮನೆಯ ಮಾನ ಬೀದಿಗೆ ಹಾಕಿದೆ ಎಂದು ಕೂಗಾಡಿದೆ. ಮಾನದ ಮಾತೆಲ್ಲ ನೆಪ ಪುಟ್ಟೀ. ನನಗಿದ್ದದ್ದು ಹೆದರಿಕೆ. ಅಂದು ಮಧ್ಯಾಹ್ನ ಅಕ್ಕ ಚೀಲ ಹಿಡಿದು ಹೊರಟಾಗ, ಯಾರೂ ಹೊರಗೆ ಕಾಲಿಡಕೂಡದು ಎಂದು ನಿಮ್ಮಪ್ಪ ಗುಡುಗಿದರು. ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತೆ. ಯೂನಿಫಾರ್ಮಿನಲ್ಲೇ ಇದ್ದ ನೀನು ಬಾಗಿಲಲ್ಲಿ ನಿಂತು ನನ್ನ ಬೆನ್ನನ್ನೇ ನೋಡುತ್ತಿದ್ದೆ. ಆ ಬೆನ್ನನ್ನು ಊರಿಗೆಲ್ಲ ತೋರಿಸಿರುತ್ತೀಯ ಎಂದುಕೊಂಡಿದ್ದೆ.

ಸಭೆ ಇದ್ದದ್ದು ಅಚ್ಚುಕೂಟದ ಮಹಡಿಯ ಮೇಲಿನ ಸಣ್ಣ ಹಾಲಿನಲ್ಲಿ. ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡವರು ಸದಾ ಮುಖ ಗಂಟು ಹಾಕಿಕೊಂಡಿರುತ್ತಾರೆ ಎಂದು ನಾನು ಭಾವಿಸಿದ್ದೆ. ಅವರೋ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, ಅದು ಮುರಿದು ಒಳಗೆ ಬಿದ್ದರೆ ಪಾಪ, ಮಕ್ಕಳ ಹಾಗೆ ಸಪ್ಪಗಾಗುತ್ತಿದ್ದರು. ಅವರಲ್ಲೇ ಹಿರಿಯರಾದ ಒಬ್ಬರು ಮೈಕಿನ ಮುಂದೆ ನಿಂತು, "ಜಗಳ ಆಡದೆ ನಾವೆಲ್ಲ ಒಪ್ಪಿದ ಸಿನಿಮಾ ಈ ವರ್ಷ ಇದೊಂದೇ. ಯಾಕೆ ಅಂತ ನೀವೇ ನೋಡಿ" ಎಂದು ದೀಪ ಆರಿಸಿದರು.

ಪರದೆಯ ಮೇಲೆ ನಿನ್ನ ಸಿನಿಮಾದ ಒಂದೇ ಒಂದು ದೃಶ್ಯ: ನಮ್ಮದೇ ಬೀದಿಯಂಥ ಬೀದಿ. ಹುಡುಗಿ ಚೀಲ ಹಿಡಿದು ಹೋಗುತ್ತಿದ್ದಾಳೆ. ಹಿಂದಿನಿಂದ ತಾಯಿ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಓಡಿ ಬರುತ್ತಾಳೆ. ತಿರುವಿನವರೆಗೂ ಬಂದು, ಕೂಗಲಾರದೆ ನಿಲ್ಲುತ್ತಾಳೆ. ಹುಡುಗಿ ತಿರುಗಿ ನೋಡುವುದೇ ಇಲ್ಲ.

ದೀಪ ಬಂದಾಗ ಜನ ಎದ್ದು ನಿಂತು ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನೆಲ ಬಾಯಿ ಬಿಡಬಾರದೇ ಎನಿಸಿತು. ನಾನು ಇಡದ ಹೆಜ್ಜೆಗಳನ್ನು ನೀನು ನನ್ನ ಪರವಾಗಿ ಇಟ್ಟುಬಿಟ್ಟಿದ್ದೀಯ. ನಿನ್ನನ್ನು ಏನೆಲ್ಲ ಅಂದುಬಿಟ್ಟೆ! ಗಾಜಿನ ಫಲಕ ಕೈಗೆ ಬಂದದ್ದೇ ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಜಾಗಕ್ಕೆ ಬಂದುಬಿಟ್ಟೆ. ಅದನ್ನು ವಿನಯ ಎಂದು ಅವರೇ ಅರ್ಥ ಮಾಡಿಕೊಂಡರು.

ಮೆಟ್ಟಿಲಿಳಿಯುವಾಗ ಯಾರೋ ತೋಳು ಹಿಡಿದರು. ಅಕ್ಕ, ಪುಟ್ಟೀ! ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ, ಕನ್ನಡಕ ಬಂದಿದೆ. ಪೇಪರಿನಲ್ಲಿ ಓದಿ, ನೀನು ಸಿಗಬಹುದೆಂದು ಬಸ್ಸು ಹಿಡಿದು ಬಂದು, ಹಿಂದಿನ ಸಾಲಿನಲ್ಲಿ ಕೂತು ಎಲ್ಲ ನೋಡಿದ್ದಳಂತೆ. ಕ್ಷೇಮ ಸಮಾಚಾರ ಒಂದೂ ಕೇಳಲಿಲ್ಲ. "ಅಮ್ಮಾ, ಅವತ್ತು ನೀನು ನಿಜವಾಗ್ಲೂ ನನ್ನ ಹಿಂದೆ ಬಂದಿದ್ಯಾ? ನಾನು ತಿರುಗಿ ನೋಡ್ಲೇ ಇಲ್ವಲ್ಲಮ್ಮ. ಇಷ್ಟು ವರ್ಷ ಸುಮ್ಮನೆ ನಿನ್ನನ್ನ ಬೈಕೊಂಡೆ" ಅಂದಳು.

ಅಷ್ಟರಲ್ಲಿ ಫೋಟೋದವರು ಕರೆದರು. ಉತ್ತರ ಕೊಡಲಾಗಲಿಲ್ಲ.

ಇವತ್ತು ಎದ್ದವಳೇ ಥಿಯೇಟರಿಗೆ ಹೋಗಿದ್ದೆ. ನಿನ್ನ ಸಿನಿಮಾ ತೆಗೆದು ಯಾವಾಗಲೋ ಆಯಿತಂತೆ. ನೀನು ಬಂದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುತ್ತೀಯಾ? ಕರೆದಾಗ ಬರದವಳು ಈಗ ಕೇಳುತ್ತಿದ್ದೇನೆ. ಸಮುದ್ರದ ಗಾಳಿ ನಿನಗೆ ಆಗುವುದಿಲ್ಲ, ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಮೇಲೆ ವೃಥಾ ಕೋಪ ಮಾಡಿಕೊಂಡ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಫೋಟೋದವರು ಕರೆಯುವ ಮೊದಲೇ ನಾನು ಅಕ್ಕನಿಗೆ "ಹೂಂ" ಅಂದಿದ್ದೆ. ಅವಳು ಎಲ್ಲರೆದುರು ನನ್ನನ್ನು ತಬ್ಬಿಕೊಂಡು ಅತ್ತಳು. ಭಾನುವಾರ ಗಂಡ, ಮಗಳನ್ನು ಕರೆದುಕೊಂಡು ಊಟಕ್ಕೆ ಬರುತ್ತಾಳೆ. ತಟ್ಟೆ ಹಾಕುವ ಮೊದಲೇ ಅವಳೊಬ್ಬಳನ್ನು ಅಡುಗೆಮನೆಗೆ ಕರೆದು, ಅವತ್ತು ನಾನು ನಿನ್ನ ಹಿಂದೆ ಬರಲಿಲ್ಲ ಕಣೇ ಎಂದು ಹೇಳಿಬಿಡುತ್ತೇನೆ. ಆಮೇಲೂ ಅವಳು ಊಟಕ್ಕೆ ಕೂತರೆ ನಿನಗೆ ಬರೆಯುತ್ತೇನೆ. ಎದ್ದು ಹೊರಟರೆ, ಈ ಸಲ ತಿರುವಿನವರೆಗೂ ಹೋಗುತ್ತೇನೆ.